ಫೆಬ್ರವರಿಯ ಅರ್ಧ ಸಂಬಳ: ಒಂದು ಸ್ಪೌಸ್ ವೀಸಾ ಅಪೀಲಿನ ಪ್ರಕರಣ ಅಧ್ಯಯನ

ಮೈಸೂರಿನ ಹುಡುಗಿ, ಮಂಡ್ಯ ಜಿಲ್ಲೆಯ ಹುಡುಗ. ಹುಡುಗನಿಗೆ ಇಂಗ್ಲೆಂಡಿನಲ್ಲಿ ಕೆಲಸ, ಅಲ್ಲೇ ಕಾಯಂ ವಾಸದ ಹಕ್ಕು. ಮದುವೆಯಾದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರು. ಡಿಸೆಂಬರ್ 2024ರಲ್ಲಿ ಅರ್ಜಿ ತಿರಸ್ಕಾರವಾಯಿತು. ಕಾರಣ ಒಂದೇ: ಗಂಡನ ವರಮಾನ ಸಾಬೀತಾಗಿಲ್ಲ. ವರಮಾನ ಮಾತ್ರ ಬೇಕಾದಷ್ಟು ಇತ್ತು. ಇದ್ದ ವರಮಾನವನ್ನು ಸಾಬೀತುಮಾಡಲು ಆ ಕುಟುಂಬ ಹೆಚ್ಚುಕಡಿಮೆ ಒಂದು ವರ್ಷ ಅಪೀಲಿನಲ್ಲಿ ಕಳೆಯಬೇಕಾಯಿತು. ಅದು ಹೇಗಾಯಿತು, ಎಲ್ಲೆಲ್ಲಿ ಬೇರೆ ದಾರಿ ಇತ್ತು ಅನ್ನುವುದನ್ನು ಬರೆದಿಡುತ್ತಿದ್ದೇನೆ. ನಮ್ಮ ಕಡೆಯಿಂದ ಈ ವೀಸಾಕ್ಕೆ ಅರ್ಜಿ ಹಾಕುವವರು ಜಾಸ್ತಿಯಾಗಿದ್ದಾರೆ. ಅವರ ಫೈಲುಗಳಲ್ಲಿ ಇದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ.

ನಾನು ವಕೀಲನಲ್ಲ. ಮೈಸೂರಿನಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಪೀಲು ನಡೆಸಿದ್ದು ಇಂಗ್ಲೆಂಡಿನ ಒಬ್ಬ ಸಾಲಿಸಿಟರ್. ಈ ಕಡೆಯ ಕಾಗದಪತ್ರ ಹೊಂದಿಸುವ, ಲೆಕ್ಕ ತಾಳೆ ನೋಡುವ ಕೆಲಸ ನನ್ನದಾಗಿತ್ತು. ಗುರುತು ಸಿಗದಿರಲೆಂದು ಊರು, ಉದ್ಯೋಗ, ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಸುಮಾ, ಹುಡುಗನನ್ನು ಕಿರಣ್ ಅಂತ ಕರೆಯುತ್ತೇನೆ. ಲೆಕ್ಕ ಎಡವಿದ ರೀತಿ ಮಾತ್ರ ನಡೆದ ಹಾಗೇ ಇದೆ.

ಹಿನ್ನೆಲೆ

ಕಿರಣ್ ಒಂದು ಗೋದಾಮಿನಲ್ಲಿ ಶಿಫ್ಟ್ ಸೂಪರ್‌ವೈಸರ್. ವರ್ಷಕ್ಕೆ 30,600 ಪೌಂಡ್ ಸಂಬಳ, ತಿಂಗಳಿಗೆ 2,550. ಇದು ತೆರಿಗೆ ಕಡಿತಕ್ಕೆ ಮೊದಲಿನ ಮೊತ್ತ. ಬ್ರಿಟನ್ನಿನ ನಿಯಮ ನೋಡುವುದೂ ಇದನ್ನೇ, ಕೈಗೆ ಬಂದದ್ದನ್ನಲ್ಲ. ಸುಮಾ ಮೈಸೂರಿನ ಒಂದು ಕಾಲೇಜಿನಲ್ಲಿ ಉಪನ್ಯಾಸಕಿ. ಫೆಬ್ರವರಿ 2024ರಲ್ಲಿ ಮೈಸೂರಿನಲ್ಲಿ ಮದುವೆ ಆಯಿತು. ಕಿರಣ್‌ಗೆ ಸಂಬಳದ ರಜೆ ಸಾಕಾಗಲಿಲ್ಲ. ಅರ್ಧ ತಿಂಗಳು ಸಂಬಳವಿಲ್ಲದ ರಜೆ ಹಾಕಿ ಬಂದ. ಆ ತಿಂಗಳ ಪೇಸ್ಲಿಪ್‌ನಲ್ಲಿ ಬಂದದ್ದು 1,275 ಪೌಂಡ್. ಟಿಕೆಟ್ ಖರ್ಚಿಗೆಂದು ಕಂಪನಿಯಿಂದ 400 ಪೌಂಡ್ ಮುಂಗಡವನ್ನೂ ತೆಗೆದುಕೊಂಡಿದ್ದ. ಮಾರ್ಚ್ ಸಂಬಳದಲ್ಲಿ ಅದನ್ನು ಹಿಡಿದುಕೊಂಡರು.

ಇವೆರಡು ಸಣ್ಣ ಸಂಗತಿಗಳೇ ಇಡೀ ಪ್ರಕರಣ.

ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ ಬ್ರಿಟನ್ 2012ರಲ್ಲಿ ವರ್ಷಕ್ಕೆ 18,600 ಪೌಂಡಿನ ಕನಿಷ್ಠ ವರಮಾನ ಗೊತ್ತುಮಾಡಿತು. ಡಿಸೆಂಬರ್ 2023ರಲ್ಲಿ ಅಲ್ಲಿನ ಸರ್ಕಾರ ಅದನ್ನು 38,700ಕ್ಕೆ ಏರಿಸುತ್ತೇವೆ ಅಂತ ಪ್ರಕಟಿಸಿತು. ಆಮೇಲೆ ಹಂತ ಹಂತವಾಗಿ ಏರಿಸುವುದೆಂದಾಯಿತು. ಮೊದಲ ಹಂತ 29,000, ಜಾರಿಯಾದದ್ದು ಏಪ್ರಿಲ್ 11, 2024ಕ್ಕೆ. ಮುಂದಿನ ಹಂತಗಳು 34,500, 38,700. ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಸುತ್ತಾಡಿ ಎರಡೂ ಮನೆಗಳಲ್ಲಿ ಭಯ ಹುಟ್ಟಿಸಿತು. ಇವತ್ತಲ್ಲ ನಾಳೆ 38,700 ಆಗಿಬಿಟ್ಟರೆ ಕಿರಣ್‌ನ ಸಂಬಳ ಮುಟ್ಟುವುದೇ ಇಲ್ಲ ಅಲ್ವಾ? ಮದುವೆ ನೋಂದಣಿ, ಇಂಗ್ಲಿಷ್ ಅರ್ಹತೆಯ ಕಾಗದ, ಕ್ಷಯ ಪರೀಕ್ಷೆ ಎಲ್ಲ ಮುಗಿಯುವ ಹೊತ್ತಿಗೆ ಜುಲೈ ಕಳೆದಿತ್ತು. ಆಗಸ್ಟ್ ಮೊದಲ ವಾರದಲ್ಲೇ ಅರ್ಜಿ ಹಾಕಿಬಿಟ್ಟರು.

ಅಷ್ಟರಲ್ಲಿ ಜುಲೈ 30ರಂದು ಹೊಸ ಸರ್ಕಾರದ ಗೃಹ ಸಚಿವೆ ಸಂಸತ್ತಿಗೆ ಹೇಳಿಕೆ ಕೊಟ್ಟಿದ್ದರು. ವಲಸೆ ಸಲಹಾ ಸಮಿತಿ ಪರಿಶೀಲಿಸಿ ವರದಿ ಕೊಡುವವರೆಗೆ 29,000ದಿಂದ ಮೇಲಕ್ಕೆ ಏರಿಸುವುದಿಲ್ಲ ಎಂದು. ಏರಿಕೆಯ ಸುದ್ದಿ ಮುಟ್ಟಿದ್ದ ಮನೆಗಳಿಗೆ ಈ ಸುದ್ದಿ ಮುಟ್ಟಲಿಲ್ಲ. ಇನ್ನೊಂದು ತಿಂಗಳು ತಡೆದಿದ್ದರೆ ಫೆಬ್ರವರಿಯ ಅರ್ಧ ಸಂಬಳ ಆರು ತಿಂಗಳ ಲೆಕ್ಕದಿಂದ ಹೊರಗೆ ಹೋಗುತ್ತಿತ್ತು.

ಫೈಲಿನಲ್ಲಿ ಏನಿತ್ತು

ಅರ್ಜಿ ತಯಾರಿಸಿಕೊಟ್ಟವರು ಮೈಸೂರಿನ ಒಬ್ಬ ಏಜೆಂಟ್. ಫೈಲು ಇಷ್ಟು ದಪ್ಪ ಇತ್ತು. ಕಿರಣ್‌ನ ಅಪ್ಪನ ಜಮೀನಿನ ಪಹಣಿ, ಇ.ಸಿ., ಎಂಜಿನಿಯರ್ ಬರೆದ ವ್ಯಾಲ್ಯುಯೇಶನ್, ಇಡೀ ಕುಟುಂಬದ ಆಸ್ತಿ ಇಷ್ಟು ಅಂತ ಆಡಿಟರ್ ಕೊಟ್ಟ ಪ್ರಮಾಣಪತ್ರ, ತಹಸೀಲ್ದಾರರ ಆದಾಯ ಪ್ರಮಾಣಪತ್ರ, ಕಬ್ಬಿನ ಕಾರ್ಖಾನೆಯ ಬಿಲ್ಲು, ಸುಮಾಳ ಕಾಲೇಜಿನ ಸಂಬಳದ ಚೀಟಿ. ಇವುಗಳ ನಡುವೆ ಕಿರಣ್‌ನ ಆರು ಪೇಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯಿಂದ ಒಂದೇ ಪ್ಯಾರಾದ ಪತ್ರ. ಕಿರಣ್ ನಮ್ಮಲ್ಲಿ ಕೆಲಸ ಮಾಡುತ್ತಾನೆ, ಒಳ್ಳೆಯ ನೌಕರ ಅಂತ ಅದರಲ್ಲಿ ಬರೆದಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿದೇಶಕ್ಕೆ ಓದಲು ಹೋಗುವ ಮಕ್ಕಳಿಗೆ, ಪ್ರವಾಸಿ ವೀಸಾಕ್ಕೆ ಅಪ್ಪ ಅಮ್ಮನ ಆಸ್ತಿ ತೋರಿಸಿ ತೋರಿಸಿ ನಮ್ಮವರಿಗೆ ಅದೇ ರೂಢಿಯಾಗಿದೆ. ಮನೆತನ ಗಟ್ಟಿ ಇದೆ ಅಂತ ತೋರಿಸಿದರೆ ವೀಸಾ ಸಿಗುತ್ತದೆ ಅನ್ನುವ ನಂಬಿಕೆ. ಬ್ರಿಟನ್ನಿನ ಸ್ಪೌಸ್ ವೀಸಾ ಮನೆತನ ಕೇಳುವುದಿಲ್ಲ. ಸಾಮಾನ್ಯವಾಗಿ ಅದು ನೋಡುವುದು ಅಲ್ಲಿರುವ ಸ್ಪಾನ್ಸರ್‌ನ, ಅಂದರೆ ಕರೆಸಿಕೊಳ್ಳುವ ಗಂಡ ಅಥವಾ ಹೆಂಡತಿಯ ವರಮಾನ, ಇಲ್ಲವೇ ಗಂಡ ಹೆಂಡತಿಯ ಹೆಸರಿನಲ್ಲಿರುವ ಉಳಿತಾಯ. ಮಾವನ ಗದ್ದೆ ಲೆಕ್ಕಕ್ಕಿಲ್ಲ. ಅಪ್ಪ ಮಾಸಿಕ ಖರ್ಚು ಕೊಡುತ್ತೇನೆ ಅಂತ ಬರೆದುಕೊಟ್ಟರೂ ಲೆಕ್ಕಕ್ಕಿಲ್ಲ. ಸುಮಾ ಮೈಸೂರಿನಲ್ಲಿ ದುಡಿಯುವ ಸಂಬಳವೂ ಮೊದಲ ಅರ್ಜಿಯಲ್ಲಿ ಲೆಕ್ಕಕ್ಕಿಲ್ಲ, ಅವಳು ಅಲ್ಲಿಗೆ ಹೋದಾಗ ಈ ಕೆಲಸ ಇರುವುದಿಲ್ಲವಲ್ಲ. ಅಷ್ಟು ದಪ್ಪ ಫೈಲಿನಲ್ಲಿ ಅಧಿಕಾರಿ ಓದಬೇಕಾಗಿದ್ದು ಹದಿನೈದು ಇಪ್ಪತ್ತು ಹಾಳೆ. ಆ ಹಾಳೆಗಳನ್ನೇ ಯಾರೂ ಕೂತು ಓದಿರಲಿಲ್ಲ.

ತಿರಸ್ಕಾರ ಪತ್ರ ಹೇಳಿದ್ದು

ಪತ್ರ ಮೂರು ಮಾತು ಹೇಳಿತು. ಸಂಬಳದ ಲೆಕ್ಕಕ್ಕೆ ‘ಎ’ ವರ್ಗ ಅಂತ ಒಂದಿದೆ. ಒಂದೇ ಕಂಪನಿಯಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಇರುವವರು ಸಾಮಾನ್ಯವಾಗಿ ಇದರಲ್ಲಿ ಬರುತ್ತಾರೆ. ನಿಗದಿತ ಸಂಬಳದವರಾದರೆ ಆ ಆರು ತಿಂಗಳ ಉದ್ದಕ್ಕೂ ಬೇಕಾದ ಮಟ್ಟದಲ್ಲೇ ಸಂಬಳ ಬಂದಿರಬೇಕು. 29,000ಕ್ಕೆ ತಿಂಗಳಿಗೆ ಸುಮಾರು 2,417 ಪೌಂಡ್ ಬೇಕು. ಫೆಬ್ರವರಿಯಲ್ಲಿ ಬಂದದ್ದು 1,275. ಅಧಿಕಾರಿ ಅದನ್ನು ಹನ್ನೆರಡರಿಂದ ಗುಣಿಸಿ ವರ್ಷಕ್ಕೆ 15,300 ಅಂತ ಬರೆದರು. ಉಳಿದ ಐದು ತಿಂಗಳು ಪೂರ್ತಿ ಸಂಬಳ ಬಂದದ್ದು ನೆರವಿಗೆ ಬರಲಿಲ್ಲ.

ಎರಡನೆಯದು, ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬ್ಯಾಂಕಿಗೆ ಬಂದ ಹಣ ಪೇಸ್ಲಿಪ್‌ಗೆ ತಾಳೆಯಾಗುವುದಿಲ್ಲ. ಒಂದರಲ್ಲಿ 400 ಜಾಸ್ತಿ, ಇನ್ನೊಂದರಲ್ಲಿ 400 ಕಡಿಮೆ. ಮುಂಗಡ ಕೊಟ್ಟದ್ದು, ಹಿಡಿದದ್ದು ಪೇಸ್ಲಿಪ್‌ನಲ್ಲಿ ಇರಲೇ ಇಲ್ಲ. ಮೂರನೆಯದು, ಕಂಪನಿಯ ಪತ್ರದಲ್ಲಿ ಇರಬೇಕಾದದ್ದು ಯಾವುದೂ ಇಲ್ಲ. ವಾರ್ಷಿಕ ಸಂಬಳ ಎಷ್ಟು, ಎಂದಿನಿಂದ ಕೆಲಸ, ಈ ಮಟ್ಟದ ಸಂಬಳ ಎಷ್ಟು ಕಾಲದಿಂದ ಬರುತ್ತಿದೆ, ಕೆಲಸ ಕಾಯಂ ಹೌದೋ ಅಲ್ಲವೋ, ಈ ನಾಲ್ಕನ್ನೂ ಪತ್ರ ಹೇಳಬೇಕು. ಇವುಗಳನ್ನೆಲ್ಲ ಸೇರಿಸಿ ಅಧಿಕಾರಿ ಒಂದು ಸಾಲು ಬರೆದಿದ್ದರು: ಹೇಳಿಕೊಂಡ ಹಾಗೆ ಉದ್ಯೋಗ ಇದೆ ಎಂದು ನನಗೆ ಮನವರಿಕೆಯಾಗಿಲ್ಲ ಅಂತ. ಮದುವೆ ನಿಜವಾದದ್ದೇ ಅನ್ನುವುದನ್ನು ಒಪ್ಪಿದ್ದರು.

ಆಮೇಲಿನ ನಿರ್ಧಾರಗಳಿಗೆಲ್ಲ ಆ ಒಂದು ಸಾಲೇ ಕಾರಣವಾಯಿತು.

ಮೂರು ಸಲಹೆಗಳು

ಮೊದಲು ಬಂದ ಸಲಹೆ ಏಜೆಂಟರದ್ದು. ಫೆಬ್ರವರಿ ಪೇಸ್ಲಿಪ್ ತಿದ್ದಿಸಿಬಿಡಿ, ಕಂಪನಿಯವರು ಪರಿಚಯದವರಲ್ವಾ, ಹೊಸದಾಗಿ ಅರ್ಜಿ ಹಾಕೋಣ ಅಂದರು. ಕಿರಣ್ ಫೋನಿನಲ್ಲೇ ಆಗಲ್ಲ ಅಂದುಬಿಟ್ಟ. ಅವನ ಮೇಲೆ ನನಗೆ ಗೌರವ ಮೂಡಿದ್ದು ಆಗಲೇ. ಅದು ಸುಳ್ಳು ಅನ್ನುವುದು ಒಂದು. ಅಲ್ಲಿನ ಪ್ರತಿ ಸಂಬಳದ ಲೆಕ್ಕ ಆಯಾ ಸಲವೇ ತೆರಿಗೆ ಇಲಾಖೆಗೆ ಹೋಗಿರುತ್ತದೆ, ವೀಸಾ ನೋಡುವ ಗೃಹ ಇಲಾಖೆ, ಅಂದರೆ ಹೋಮ್ ಆಫೀಸ್, ಅಲ್ಲಿ ಕೇಳಿ ನೋಡಬಹುದು ಅನ್ನುವುದು ಇನ್ನೊಂದು. ತಿದ್ದಿದ ಒಂದು ಪೇಸ್ಲಿಪ್ ಸಿಕ್ಕಿಬಿದ್ದರೆ ವರಮಾನದ ತಕರಾರು ಮೋಸದ ತಕರಾರಾಗುತ್ತದೆ. ಆಮೇಲೆ ಅದನ್ನು ತೊಳೆದುಕೊಳ್ಳುವುದು ಬಹಳ ಕಷ್ಟ.

ಎರಡನೆಯದು ಕಿರಣ್‌ನ ಅಪ್ಪನದು. ಅವರು ನಾಲೆ ಬಯಲಿನ ರೈತರು. ಮೈಸೂರಿಗೆ ಬಂದು ಕೂತವರೇ, “ಸಾರ್, ಎರಡೆಕರೆ ಮಾರ್ಬುಟ್ರೆ ಆಯ್ತಲ್ವಾ? ದುಡ್ಡೇ ತಾನೆ ಅವ್ರು ಕೇಳ್ತಿರೋದು?” ಅಂದರು. ಗಿರಾಕಿಯನ್ನೂ ನೋಡಿಕೊಂಡಿದ್ದರು.

“ಯಜಮಾನ್ರೆ, ಈಗ್ಲೇ ಮುಂಗಡ ಇಸ್ಕೋಬೇಡಿ. ಲೆಕ್ಕ ಒಂದ್ಸಲ ಕೂತು ನೋಡೋಣ” ಅಂದೆ.

ಲೆಕ್ಕ ಹೀಗಿದೆ. ಸಂಬಳ ಸಾಲದಿದ್ದರೆ ಉಳಿತಾಯದಿಂದ ತುಂಬಬಹುದು. ಆದರೆ ಉಳಿತಾಯದಲ್ಲಿ ಮೊದಲ 16,000 ಪೌಂಡ್ ಲೆಕ್ಕಕ್ಕೆ ಬರುವುದಿಲ್ಲ. ಅದರ ಮೇಲೆ, ಕೊರತೆ ಎಷ್ಟಿದೆಯೋ ಅದರ ಎರಡೂವರೆ ಪಟ್ಟು ಇರಬೇಕು. ಅಧಿಕಾರಿಯ ಲೆಕ್ಕವನ್ನೇ ಹಿಡಿದರೆ ಕೊರತೆ 29,000ದಲ್ಲಿ 15,300 ಕಳೆದು 13,700. ಅದರ ಎರಡೂವರೆ ಪಟ್ಟು 34,250. ಅದಕ್ಕೆ 16,000 ಸೇರಿಸಿದರೆ 50,250 ಪೌಂಡ್. ಆಗ ಪೌಂಡಿಗೆ ನೂರು ರೂಪಾಯಿಗಿಂತ ಜಾಸ್ತಿ ಇತ್ತು, ಅಂದರೆ ಐವತ್ತು ಲಕ್ಷ ದಾಟುತ್ತದೆ. ಆ ಹಣ ಆರು ತಿಂಗಳು ಗಂಡ ಹೆಂಡತಿಯ ಖಾತೆಯಲ್ಲಿ ಇರಬೇಕು. ಸ್ವಂತ ಆಸ್ತಿ ಮಾರಿದ ಹಣವಾದರೆ ಆ ಆರು ತಿಂಗಳಿಗೆ ವಿನಾಯಿತಿ ಇದೆ. ಆದರೆ ಆ ಆಸ್ತಿ ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿ ಇದ್ದಿರಬೇಕು. ಇಲ್ಲಿ ಪಹಣಿ ಅಪ್ಪನ ಹೆಸರಿನಲ್ಲಿತ್ತು. ಅವರು ಮಾರಿ ಮಗನಿಗೆ ಕೊಟ್ಟರೆ ಅದು ಉಡುಗೊರೆ. ಉಡುಗೊರೆಗೆ ಅಡ್ಡಿ ಇಲ್ಲ, ಆರು ತಿಂಗಳು ಮಾತ್ರ ಕಾಯಲೇಬೇಕು.

ಆರು ತಿಂಗಳು ಕಾಯುವುದಾದರೆ ಕಿರಣ್‌ನ ಸಂಬಳವೇ ಸಾಕಾಗಿತ್ತು. ಗದ್ದೆ ಮಾರುವ ಅಗತ್ಯವೇ ಇರಲಿಲ್ಲ. ಈ ಮಾತು ಅವರಿಗೆ ಒಪ್ಪಿಸಲು ಸಮಯ ಹಿಡಿಯಿತು. ಮಗನ ಸಂಸಾರಕ್ಕೆ ಅಡ್ಡಿಯಾಗಿರುವುದು ದುಡ್ಡಲ್ಲ, ಒಂದು ಪೇಸ್ಲಿಪ್ ಅಂದರೆ ಯಾವ ಅಪ್ಪ ಸುಲಭಕ್ಕೆ ನಂಬುತ್ತಾರೆ? ಕೊನೆಗೆ ಒಪ್ಪಿದರು. ಜಮೀನು ಉಳಿಯಿತು. ಈ ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ ಕೊಟ್ಟದ್ದು ಅದು.

ಮೂರನೆಯದು ಸಾಲಿಸಿಟರ್ ಮುಂದಿಟ್ಟ ಎರಡು ದಾರಿ. ಡಿಸೆಂಬರ್ ಹೊತ್ತಿಗೆ ಹಿಂದಿನ ಆರು ತಿಂಗಳ ಪೇಸ್ಲಿಪ್‌ಗಳು ಪೂರ್ತಿ ಸರಿಯಾಗಿದ್ದವು. ಹೊಸ ಅರ್ಜಿ ಹಾಕಬಹುದು, ಬಹುಶಃ ಬೇಗ ಮುಗಿಯುತ್ತದೆ. ಅರ್ಜಿ ಶುಲ್ಕ ಆಗ 1,846 ಪೌಂಡ್, ಮೊದಲು ಕಟ್ಟಿದ್ದು ವಾಪಸ್ ಬರುವುದಿಲ್ಲ. ಅಲ್ಲಿನ ಸರ್ಕಾರಿ ಚಿಕಿತ್ಸೆಗೆಂದು ಅರ್ಜಿಯ ಜೊತೆ ಕಟ್ಟಿಸಿಕೊಳ್ಳುವ ಆರೋಗ್ಯ ಶುಲ್ಕ 3,105 ಮಾತ್ರ ವಾಪಸ್ ಬರುತ್ತದೆ. ಇಲ್ಲವೇ 140 ಪೌಂಡ್ ಕಟ್ಟಿ ಅಪೀಲು ಹಾಕಬಹುದು, ತಿಂಗಳುಗಟ್ಟಲೆ ಕಾಯಬೇಕು, ವಕೀಲರ ಫೀಸು ಬೇರೆ. ಭಾರತದಿಂದ ಅಪೀಲು ಹಾಕಲು 28 ದಿನದ ಗಡುವು.

ವರಮಾನದ ತಕರಾರು ಒಂದೇ ಆಗಿದ್ದರೆ ಹೊಸ ಅರ್ಜಿಯೇ ಸರಿ. ಬಹಳ ಜನರಿಗೆ ನಾನು ಈಗಲೂ ಅದನ್ನೇ ಹೇಳುತ್ತೇನೆ. ಇಲ್ಲಿ ಉದ್ಯೋಗ ಇದೆಯೋ ಇಲ್ಲವೋ ಅನ್ನುವ ಅನುಮಾನದ ಸಾಲು ಬೇರೆ ಇತ್ತು. ಹೊಸ ಅರ್ಜಿಯನ್ನು ನೋಡುವ ಅಧಿಕಾರಿಯ ಕಣ್ಣಿಗೆ ಹಳೆಯ ಪತ್ರವೂ ಬೀಳುತ್ತದೆ. ಕಿರಣ್, ಸುಮಾ ಇಬ್ಬರೂ ಅಪೀಲು ಅಂದರು. ಗಡುವಿಗೆ ಕೆಲವು ದಿನ ಇರುವಾಗ ಅಪೀಲು ದಾಖಲಾಯಿತು.

ವಾದ ಹುಟ್ಟಿದ ಬಗೆ

ಈ ಅಪೀಲಿನಲ್ಲಿ ಲೆಕ್ಕ ತಪ್ಪಾಗಿದೆ ಅಂತ ನೇರವಾಗಿ ವಾದಿಸುವಂತಿಲ್ಲ. 2014ರ ಕಾನೂನಿನ ನಂತರ ಇಂಥ ಪ್ರಕರಣದಲ್ಲಿ ಉಳಿದ ಆಧಾರ ಮಾನವ ಹಕ್ಕು ಒಂದೇ. ಯುರೋಪಿನ ಮಾನವ ಹಕ್ಕು ಒಪ್ಪಂದದ 8ನೇ ವಿಧಿ, ಕುಟುಂಬ ಜೀವನದ ಹಕ್ಕು. ಆದರೆ ನಿಯಮದ ಷರತ್ತುಗಳನ್ನೆಲ್ಲ ಪೂರೈಸಿದ್ದಾರೆ ಅಂತ ತೋರಿಸಿದರೆ ತಡೆಯಲು ಸರ್ಕಾರಕ್ಕೆ ಕಾರಣವೇ ಉಳಿಯುವುದಿಲ್ಲ. 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇದನ್ನು ಸ್ಪಷ್ಟ ಮಾಡಿದೆ. ಹಾಗಾಗಿ ಹಕ್ಕಿನ ದಾರಿಯಲ್ಲಿ ಹೋದರೂ ಕೊನೆಗೆ ಬಂದು ನಿಲ್ಲುವುದು ಪೇಸ್ಲಿಪ್ ಮುಂದೆಯೇ.

ಪೇಸ್ಲಿಪ್‌ಗಳನ್ನು ಹರಡಿಕೊಂಡು ಕೂತಾಗ ದಾರಿ ಕಂಡದ್ದು ‘ಬಿ’ ವರ್ಗದಲ್ಲಿ. ಆರು ತಿಂಗಳಿನಿಂದ ಒಂದೇ ಕಡೆ ಇದ್ದರೂ ಉದ್ದಕ್ಕೂ ಆ ಮಟ್ಟದ ಸಂಬಳ ಬರದವರು ಇದನ್ನು ಆರಿಸಿಕೊಳ್ಳಬಹುದು. ಎರಡು ಷರತ್ತು. ಅರ್ಜಿಯ ದಿನ ಇರುವ ಸಂಬಳ ವರ್ಷಕ್ಕೆ 29,000 ಮುಟ್ಟಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ ನಿಜವಾಗಿ ಬಂದ ಒಟ್ಟು ಮೊತ್ತವೂ 29,000 ಮುಟ್ಟಬೇಕು.

ಮೊದಲನೆಯದಕ್ಕೆ 30,600 ಇದೆ. ಎರಡನೆಯದಕ್ಕೆ ಆಗಸ್ಟ್ 2023ರಿಂದ ಜುಲೈ 2024. ಹನ್ನೊಂದು ತಿಂಗಳು 2,550ರಂತೆ 28,050. ಫೆಬ್ರವರಿಯ 1,275 ಸೇರಿಸಿದರೆ 29,325. ಬೇಕಾದ್ದಕ್ಕಿಂತ 325 ಪೌಂಡ್ ಜಾಸ್ತಿ! ಅಂದರೆ ಅರ್ಜಿ ಹಾಕಿದ ದಿನವೇ ಕಿರಣ್ ಅರ್ಹನಾಗಿದ್ದ. ಹನ್ನೆರಡು ಪೇಸ್ಲಿಪ್ ಇಡುವ ಕಡೆ ಆರು ಇಟ್ಟಿದ್ದರು, ಅಷ್ಟೇ.

ಅಂಚು ಅಷ್ಟು ತೆಳುವಾದ್ದರಿಂದ ಪ್ರತಿ ಪೌಂಡಿಗೂ ಕಾಗದ ಬೇಕಾಯಿತು. ಹನ್ನೆರಡು ಪೇಸ್ಲಿಪ್, ಅದೇ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್, ಪ್ರತಿ ಪುಟಕ್ಕೂ ಬ್ಯಾಂಕಿನ ಮುದ್ರೆ. ತೆರಿಗೆ ವರ್ಷದ ಕೊನೆಗೆ ಕಂಪನಿ ಕೊಡುವ ಪಿ60. ತೆರಿಗೆ ಇಲಾಖೆಯ ಕಿರಣ್‌ನ ಖಾತೆಯಿಂದ ತೆಗೆದ ಉದ್ಯೋಗ ದಾಖಲೆ. ಕಂಪನಿಯ ಹೊಸ ಪತ್ರ, ನಾಲ್ಕೂ ಅಂಶಗಳೊಂದಿಗೆ, ಜೊತೆಗೆ ಸಂಬಳವಿಲ್ಲದ ರಜೆಯ ತಾರೀಕು, ಮುಂಗಡದ ವಿವರ. ಸಂಬಳ ವಿಭಾಗದವರ ಲೆಡ್ಜರ್ ಪ್ರತಿ. ನಾನು ಒಂದು ಹಾಳೆಯ ತಾಳೆಪಟ್ಟಿ ಮಾಡಿಕೊಟ್ಟೆ. ಪೇಸ್ಲಿಪ್ ತಾರೀಕು, ಒಟ್ಟು ಸಂಬಳ, ಕಡಿತದ ನಂತರದ ಮೊತ್ತ, ಬ್ಯಾಂಕಿಗೆ ಬಂದ ದಿನ, ಬಂದ ಮೊತ್ತ, ವ್ಯತ್ಯಾಸ, ವ್ಯತ್ಯಾಸಕ್ಕೆ ಕಾರಣ, ಸ್ಟೇಟ್‌ಮೆಂಟಿನ ಪುಟ ಸಂಖ್ಯೆ. ವ್ಯತ್ಯಾಸದ ಕಾಲಂನಲ್ಲಿ ಎರಡೇ ಸಾಲು: ಫೆಬ್ರವರಿಗೆ 400 ಜಾಸ್ತಿ, ಮಾರ್ಚ್‌ಗೆ 400 ಕಡಿಮೆ.

ಅಪೀಲಿನ ಮಟ್ಟಿಗೆ ಇನ್ನೊಂದು ಅನುಕೂಲ ಇದೆ. ತಿರಸ್ಕಾರದ ನಂತರದ ಸಾಕ್ಷ್ಯವನ್ನೂ ಅಪೀಲು ಕೇಳುವ ಟ್ರಿಬ್ಯುನಲ್ ನೋಡಬಹುದು. ಹಾಗಾಗಿ ವಾದ ಎರಡು ಕಾಲಿನ ಮೇಲೆ ನಿಂತಿತು. ಅರ್ಜಿಯ ದಿನ ‘ಬಿ’ ವರ್ಗದಲ್ಲಿ ಅರ್ಹ, ವಿಚಾರಣೆಯ ದಿನ ‘ಎ’ ವರ್ಗದಲ್ಲೂ ಅರ್ಹ. ಈ ಎರಡನೆಯ ಕಾಲು ಗಟ್ಟಿಯಾಗಿರಬೇಕಾದರೆ ನಡುವೆ ಒಂದು ತಿಂಗಳೂ ಸಂಬಳ ಕಡಿಮೆಯಾಗಬಾರದು. 2025ರ ಯುಗಾದಿಗೆ ಕಿರಣ್ ಊರಿಗೆ ಬಂದಾಗ ಸಂಬಳದ ರಜೆ ಎಷ್ಟಿತ್ತೋ ಅಷ್ಟೇ ದಿನ ಇದ್ದು ಹೊರಟ. ಸುಮಾಗೆ ಅದು ಕಷ್ಟವಾಯಿತು. ಇನ್ನೊಂದು ವಾರ ಇರು ಅನ್ನಲು ಅವಳಿಗೂ ಬಾಯಿ ಬರಲಿಲ್ಲ.

ಅಪ್ಪನ ಜಮೀನಿನ ಕಾಗದಗಳು ಹಾಗಾದರೆ ವ್ಯರ್ಥವೇ? ಪೂರ್ತಿ ಅಲ್ಲ. 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕನಿಷ್ಠ ವರಮಾನದ ನಿಯಮವನ್ನು ಎತ್ತಿಹಿಡಿಯಿತು. ಆದರೆ ಬೇರೆ ನಂಬಲರ್ಹ ಮೂಲಗಳನ್ನು ನೋಡದೆ ತಳ್ಳಿಹಾಕುವುದು ಸರಿಯಲ್ಲ ಅಂದಿತು. ಅದೇ ವರ್ಷ ನಿಯಮಕ್ಕೆ ಅದಕ್ಕೊಂದು ದಾರಿ ಸೇರಿತು, ಅಸಾಧಾರಣ ಸಂದರ್ಭಗಳಿಗೆ ಮಾತ್ರ. ಸಾಲಿಸಿಟರ್ ಆ ಕಾಗದಗಳನ್ನು ಕೊನೆಯ ಆಸರೆಯಾಗಿ ಹಿಂದೆ ಇಟ್ಟರು. ಅಪ್ಪ ಕನ್ನಡದಲ್ಲಿ ಬರೆದುಕೊಟ್ಟ ಹೇಳಿಕೆಗೆ ಅನುವಾದಕರ ಹೆಸರು, ಸಹಿ, ವಿಳಾಸ, ತಾರೀಕು ಇರುವ ದೃಢೀಕೃತ ಇಂಗ್ಲಿಷ್ ಅನುವಾದ ಸೇರಿಸಿದರು.

ವಿಚಾರಣೆ

ಹೋಮ್ ಆಫೀಸ್ ಕಾಗದಗಳನ್ನು ಮತ್ತೆ ಪರಿಶೀಲಿಸಿತು. ಅಲ್ಲೇ ಬಿಟ್ಟುಕೊಡುತ್ತಾರೆ ಅಂತ ನಿರೀಕ್ಷೆ ಇತ್ತು. ಬಿಡಲಿಲ್ಲ. ‘ಬಿ’ ವರ್ಗ ಅಂತ ಅರ್ಜಿಯಲ್ಲಿ ಹೇಳಿಲ್ಲ, ಮುಂಗಡದ ಕಥೆ ಈಗ ಬಂದದ್ದು ಅಂದರು.

ಸುಮಾ ಮೈಸೂರಿನಿಂದ ವಿಡಿಯೊದಲ್ಲಿ ಸಾಕ್ಷಿ ಹೇಳಬಹುದು ಅಂತ ಎರಡೂ ಮನೆಯವರು ಅಂದುಕೊಂಡಿದ್ದರು. ಅದು ಸಲೀಸಲ್ಲ. ಬೇರೆ ದೇಶದಲ್ಲಿ ಕೂತು ಬಾಯಿಮಾತಿನ ಸಾಕ್ಷಿ ಹೇಳಬೇಕಾದರೆ ಆ ದೇಶದ ಆಕ್ಷೇಪ ಇಲ್ಲ ಅನ್ನುವುದು ಮೊದಲು ಖಚಿತವಾಗಬೇಕು. ಸುಮಾ ಲಿಖಿತ ಹೇಳಿಕೆ ಕೊಟ್ಟಳು. ಸಾಕ್ಷಿ ಹೇಳಿದ್ದು ಕಿರಣ್ ಒಬ್ಬನೇ.

ಸೆಪ್ಟೆಂಬರ್ 2025ರಲ್ಲಿ ವಿಚಾರಣೆ ನಡೆಯಿತು. ಸರ್ಕಾರದ ಕಡೆಯವರ ಪ್ರಶ್ನೆಗಳೆಲ್ಲ 400 ಪೌಂಡಿನ ಸುತ್ತಲೇ. ಯಾರು ಕೊಟ್ಟರು, ಪೇಸ್ಲಿಪ್‌ನಲ್ಲಿ ಯಾಕಿಲ್ಲ, ಬೇರೆಯವರಿಗೂ ಹೀಗೆ ಕೊಡುತ್ತಾರಾ? ಕಿರಣ್ ಗೊತ್ತಿದ್ದನ್ನು ಹೇಳಿದ. ಪೇಸ್ಲಿಪ್‌ನಲ್ಲಿ ಯಾಕಿಲ್ಲ ಅನ್ನುವುದು ನನಗೆ ಗೊತ್ತಿಲ್ಲ, ಸಂಬಳ ವಿಭಾಗದವರ ಪತ್ರ ಇದೆ ಅಂದ. ಊಹಿಸಿ ಉತ್ತರ ಕಟ್ಟಲಿಲ್ಲ. ನ್ಯಾಯಾಧೀಶರು ತೀರ್ಪಿನಲ್ಲಿ ಇದನ್ನು ಗಮನಿಸಿದ್ದರು. ತೆರಿಗೆ ದಾಖಲೆ, ಲೆಡ್ಜರ್, ಸ್ಟೇಟ್‌ಮೆಂಟ್ ಮೂರೂ ಒಂದೇ ಮಾತು ಹೇಳುತ್ತವೆ, ಉದ್ಯೋಗ ನಿಜ, ‘ಬಿ’ ವರ್ಗದಲ್ಲಿ ವರಮಾನ ಸಾಬೀತಾಗಿದೆ ಅಂತ ಬರೆದು ಅಪೀಲು ಪುರಸ್ಕರಿಸಿದರು. ಜಮೀನಿನ ವಾದಕ್ಕೆ ಹೋಗುವ ಅಗತ್ಯ ಬೀಳಲಿಲ್ಲ. 140 ಪೌಂಡ್ ಶುಲ್ಕ ವಾಪಸ್ ಕೊಡಿಸಲಿಲ್ಲ. ಹನ್ನೆರಡು ತಿಂಗಳ ಕಾಗದ ಮೊದಲ ಅಧಿಕಾರಿಯ ಮುಂದೆ ಇರಲಿಲ್ಲವಲ್ಲ, ಅದು ನ್ಯಾಯವೇ.

ಈ ಪ್ರಕರಣ ನೋಡಿದ ಮೇಲೆ

ನನ್ನ ಬಳಿ ಬರುವವರಿಗೆ ಈಗ ಮೊದಲು ಕೇಳುವುದು ಕಾಗದವನ್ನಲ್ಲ, ತಾರೀಕನ್ನು. ಯಾವ ದಿನ ಅರ್ಜಿ ಹಾಕುತ್ತೀರಿ? ಆ ದಿನದಿಂದ ಹಿಂದಕ್ಕೆ ಆರು ತಿಂಗಳು ಎಣಿಸಿದರೆ ಯಾವ ಪೇಸ್ಲಿಪ್‌ಗಳು ಬರುತ್ತವೆ? ಒಂದು ತಿಂಗಳು ತಗ್ಗಿದ್ದರೆ ಅದು ಹೊರಗೆ ಹೋಗುವವರೆಗೆ ಕಾಯಬಹುದಾ, ಇಲ್ಲ ಹನ್ನೆರಡು ತಿಂಗಳ ಲೆಕ್ಕಕ್ಕೆ ಹೋಗಬೇಕಾ? ವರ್ಗ ಗೊತ್ತಾದ ಮೇಲಷ್ಟೇ ಫೈಲು. ಮದುವೆಗೆ ಬರುವ ಹುಡುಗರಿಗೆ ಮದುವೆಗೆ ಮೊದಲೇ ಇದನ್ನು ಹೇಳಬೇಕು. ರಜೆ ಸಂಬಳದ್ದಾ, ಸಂಬಳವಿಲ್ಲದ್ದಾ ಅನ್ನುವುದು ವೀಸಾದ ಪ್ರಶ್ನೆಯೂ ಹೌದು. ಕಂಪನಿಯಿಂದ ಕೈಗಡ, ಮುಂಗಡ ತೆಗೆದುಕೊಂಡರೆ ಅದು ಪೇಸ್ಲಿಪ್‌ನಲ್ಲಿ ಕಾಣುವ ಹಾಗೆ ಬರೆಸಿಕೊಳ್ಳಬೇಕು. ಜಮೀನು ಮಾರುವ ಮಾತು ಬಂದ ಮನೆಗಳಿಗಂತೂ ಕೈಮುಗಿದು ಹೇಳುತ್ತೇನೆ: ಎರಡೂವರೆ ಪಟ್ಟಿನ ಲೆಕ್ಕ, ಯಾರ ಹೆಸರು, ಆರು ತಿಂಗಳು, ಈ ಮೂರನ್ನು ನೋಡದೆ ಕರಾರಿಗೆ ಸಹಿ ಹಾಕಬೇಡಿ.

ತೀರ್ಪಿನ ಮೇಲೆ ಮತ್ತೆ ಅಪೀಲಿಗೆ ಅನುಮತಿ ಕೇಳಲು ಹೋಮ್ ಆಫೀಸ್‌ಗೆ 14 ದಿನ ಇತ್ತು, ಕೇಳಲಿಲ್ಲ. ದಸರೆ ಮುಗಿದ ಮೇಲೆ ಪಾಸ್‌ಪೋರ್ಟ್ ಕಳಿಸಿ ಅಂತ ಪತ್ರ ಬಂತು. ಕ್ಷಯ ಪರೀಕ್ಷೆಯ ಪ್ರಮಾಣಪತ್ರಕ್ಕೆ ಆರೇ ತಿಂಗಳ ಆಯುಸ್ಸು. ಹಾಗಾಗಿ ಸುಮಾ ಬೆಂಗಳೂರಿಗೆ ಹೋಗಿ ಅದನ್ನು ಮತ್ತೆ ಮಾಡಿಸಿಕೊಂಡಳು. ವರ್ಷ ಮುಗಿಯುವ ಮೊದಲು ಹೊರಟಳು. ವೀಸಾ 33 ತಿಂಗಳಿಗೆ. ಅದು ಮುಗಿಯುವ ಮುನ್ನ ನವೀಕರಿಸುವಾಗ ವರಮಾನವನ್ನು ಮತ್ತೆ ತೋರಿಸಬೇಕು. ಆಗ ಸುಮಾ ಅಲ್ಲಿ ದುಡಿಯುವ ಸಂಬಳವನ್ನೂ ಸೇರಿಸಿಕೊಳ್ಳಬಹುದು. ತಾಳೆಪಟ್ಟಿಯ ಖಾಲಿ ನಮೂನೆಯನ್ನು ಇಬ್ಬರಿಗೂ ಕಳಿಸಿದ್ದೇನೆ, ತಿಂಗಳು ತಿಂಗಳು ತುಂಬುತ್ತಿದ್ದಾರೆ.